ಗಾಯವು ಮಾಯುವ ಕ್ರಮವೂ ಎತ್ತಿನ ಹೆಗಲಿನ ರಕ್ಷಣೆಯೂ

ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಸೇರುವ ಕಡಲೆಕಾಯಿ ಪರಿಷೆಯ ಹೆಸರನ್ನು ಕೇಳದ ರೈತರು ನಮ್ಮ ಸೀಮೆಯಲ್ಲಿ ವಿರಳ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮೊದಲಾದ ಗ್ರಾಮಗಳ ಕಡಲೆಕಾಯಿ ಹೊಲಗಳನ್ನು ಬಸವನೊಂದು ಮೇದು ಹಾಳುಮಾಡುತ್ತಿತ್ತೆಂದೂ, ರೈತರು ತಮ್ಮ ಮೊದಲ ಫಸಲನ್ನು ಬಸವಣ್ಣನಿಗೆ ಹರಕೆಯಾಗಿ ಒಪ್ಪಿಸಿದರೆಂದೂ ಐತಿಹ್ಯವುಂಟು. ಆ ಹಳ್ಳಿಗಳು ಪಟ್ಟಣದೊಳಗೆ ಸೇರಿಹೋಗಿ ಬಹುಕಾಲವಾಯಿತು. ಗಾಡಿಗಳ ಸಾಲು ನಿಲ್ಲುತ್ತಿದ್ದ ಕಡೆ ಈಗ ಲಾರಿ ಟೆಂಪೋಗಳು ನಿಲ್ಲುತ್ತವೆ. ಆದರೂ ಪರಿಷೆಯ ದಿನ ಕಲ್ಲಿನ ಬಸವನ ಕೊರಳಿಗೆ ಹೂವಿನ ಹಾರ ಬೀಳುವುದು ತಪ್ಪಿಲ್ಲ.

ಕಳೆದ ಪರಿಷೆಯಲ್ಲಿ ಚಾಮರಾಜಪೇಟೆಯ ಕಡೆಯಿಂದ ಬುಲ್ ಟೆಂಪಲ್ ರಸ್ತೆಯಲ್ಲಿ ನಡೆದು ಬರುತ್ತಿದ್ದಾಗ, ಮಾಗಡಿ ಕಡೆಯ ಪರಿಚಿತ ರೈತರೊಬ್ಬರು ಕಡಲೆಕಾಯಿ ರಾಶಿಯ ಪಕ್ಕದಲ್ಲಿ ಕುಳಿತಿದ್ದರು. ಕುಶಲ ಪ್ರಶ್ನೆಯಾದ ಮೇಲೆ ಅವರು ತಮ್ಮ ಅಂಗಿಯ ಜೇಬಿನಿಂದ ನಾಲ್ಕು ಸಣ್ಣ ಗಾಜಿನ ಸೀಸೆಗಳನ್ನು ತೆಗೆದು ತೋರಿಸಿದರು. “ಸ್ವಾಮಿ, ಮನೆಯಲ್ಲಿ ಬಲಗೋಲಿನ ಹಳ್ಳಿಕಾರ್ ಎತ್ತಿನ ಹೆಗಲು ಬಾತುಕೊಂಡಿದೆ. ಮುಟ್ಟಿದರೆ ಬಿಸಿ, ನೊಗ ತೋರಿಸಿದರೆ ತಲೆ ಕೊಡವುತ್ತದೆ. ನಾಡಿದ್ದು ರಾಗಿ ಹೊರೆ ಕಣಕ್ಕೆ ಸಾಗಬೇಕು. ಇದನ್ನು ಚುಚ್ಚಿದರೆ ಒಂದೇ ರಾತ್ರಿಗೆ ಊತ ಇಳಿಯುತ್ತದೆ ಅಂತಾರೆ, ನಿಜವೇ?” ಎಂದು ಕೇಳಿದರು. ಸೀಸೆಗಳ ಮೇಲೆ ಡೈಕ್ಲೋಫಿನಾಕ್ ಎಂಬ ಹೆಸರಿತ್ತು. ಅವು ಮನುಷ್ಯರ ಔಷಧದ ಅಂಗಡಿಯಲ್ಲಿ ಕೊಂಡವು.

ಆ ದಿನ ಅವರಿಗೆ ನಿಂತಲ್ಲಿಯೇ ಹೇಳಿದ ಮಾತುಗಳನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತೇನೆ. ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಇದನ್ನು ಓದಿ, ಓದಲು ಬಾರದವರಿಗೆ ಓದಿ ಹೇಳಬೇಕೆಂದು ಪ್ರಾರ್ಥನೆ. ಹೇಳಬೇಕಾದ ಮುಖ್ಯ ವಿಷಯವು ಒಂದೇ: ಗಾಯದ ಸುತ್ತಲಿನ ಊತವು ರೋಗವಲ್ಲ, ಅದು ಶರೀರವು ತನ್ನ ಗಾಯವನ್ನು ತಾನೇ ದುರಸ್ತಿ ಮಾಡಿಕೊಳ್ಳಲು ಹೂಡುವ ಕೆಲಸದ ಮೊದಲ ಭಾಗ. ಕೆಲಸಗಾರರನ್ನು ಓಡಿಸಿ ಕೆಲಸವಾಯಿತೆಂದು ನಂಬುವುದು ಬುದ್ಧಿವಂತಿಕೆಯಲ್ಲ.

ಹಿಂದಿನವರು ಕಂಡದ್ದು

ಗಾಯವಾದ ಕಡೆ ಕೆಂಪಾಗುವುದು, ಬಿಸಿಯಾಗುವುದು, ಊದುವುದು, ನೋಯುವುದು ಎಂಬ ನಾಲ್ಕು ಲಕ್ಷಣಗಳನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮ್ ದೇಶದ ಸೆಲ್ಸಸ್ ಎಂಬಾತನು ಬರೆದಿಟ್ಟನು. ಆ ಅಂಗವು ಕೆಲಸಕ್ಕೆ ಬಾರದಂತಾಗುವುದನ್ನು ಐದನೆಯ ಲಕ್ಷಣವಾಗಿ ಅನಂತರದವರು ಸೇರಿಸಿದರು. ಇವೆಲ್ಲ ಕೂಡಿದುದಕ್ಕೆ ಕನ್ನಡದಲ್ಲಿ ಉರಿಯೂತವೆಂದು ಹೆಸರು.

ನಮ್ಮ ದೇಶದ ಸುಶ್ರುತ ಸಂಹಿತೆಯಲ್ಲಿ ಬಾವಿಗೆ ಆಮ, ಪಚ್ಯಮಾನ, ಪಕ್ವ, ಅಂದರೆ ಕಾಯಿ, ದೋರೆ, ಹಣ್ಣು ಎಂಬ ಮೂರು ಅವಸ್ಥೆಗಳನ್ನು ಹೇಳಿದೆ. ಕಾಯಿಯಾಗಿರುವ ಬಾವನ್ನು ಕೊಯ್ಯುವವನನ್ನೂ, ಹಣ್ಣಾದುದನ್ನು ಕೊಯ್ಯದೆ ಬಿಡುವವನನ್ನೂ ಆ ಗ್ರಂಥವು ಸಮಾನವಾಗಿ ನಿಂದಿಸುತ್ತದೆ. ಈ ಮಾತಿನ ಬೆಲೆ ನನಗೆ ಪುಸ್ತಕದಿಂದ ತಿಳಿಯಲಿಲ್ಲ. ನೌಕರಿಗೆ ಸೇರಿದ ಹೊಸದರಲ್ಲಿ ಒಬ್ಬ ರೈತರ ಎತ್ತಿನ ಹೆಗಲು ಗಟ್ಟಿಯಾಗಿ ಊದಿದ್ದುದನ್ನು ಕಂಡು, ಪಶುವೈದ್ಯರು ಬರುವವರೆಗೆ ಕಾಯದೆ, ಕೊಯ್ದು ಕೀವು ತೆಗೆಯುವಂತೆ ಸಲಹೆ ಕೊಟ್ಟೆನು. ರಕ್ತ ಬಂದಿತೇ ಹೊರತು ಕೀವು ಬರಲಿಲ್ಲ. ಕೊಯ್ದ ಗಾಯವು ಕೆಟ್ಟು, ಆ ಎತ್ತು ಎರಡು ತಿಂಗಳು ಕೊಟ್ಟಿಗೆ ಬಿಟ್ಟು ಬರಲಿಲ್ಲ. ಆ ವರ್ಷದ ಬಿತ್ತನೆಗೆ ಅವರು ಸಾಲ ಮಾಡಿ ಬೇರೆ ಎತ್ತು ಹೂಡಿಸಬೇಕಾಯಿತು. ಆ ರೈತರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದಕಾರಣವೇ ಅದು ನನಗೆ ಮರೆತಿಲ್ಲ.

ಊತದ ಒಳಗೆ ನಡೆಯುವುದೇನೆಂಬುದನ್ನು ಕಣ್ಣಾರೆ ಕಂಡವನು ಮೆಚ್ನಿಕಾಫ್ ಎಂಬ ವಿಜ್ಞಾನಿ. ೧೮೮೨ರಲ್ಲಿ ಇಟಲಿಯ ಮೆಸ್ಸಿನಾ ಎಂಬ ಊರಿನಲ್ಲಿ ಈತನು ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳ ಮೈಗೆ ಗುಲಾಬಿಯ ಮುಳ್ಳುಗಳನ್ನು ಚುಚ್ಚಿಟ್ಟನು. ಮರುದಿನ ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಲಾಗಿ, ಆ ಮುಳ್ಳಿನ ಸುತ್ತಲೂ ಮರಿಯ ಮೈಯ ಸಂಚಾರಿ ಜೀವಕಣಗಳು ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದುದನ್ನು ನುಂಗಿ ಅರಗಿಸುವ ಕಣಗಳು ಶರೀರದಲ್ಲಿಯೇ ಇವೆಯೆಂದು ಆತನು ಸಾರಿದನು. ಈ ಶೋಧನೆಗಾಗಿ ೧೯೦೮ರಲ್ಲಿ ಆತನಿಗೆ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಕಾಲಿಗೆ ಜಾಲಿಮುಳ್ಳು ಮುರಿದುಕೊಂಡ ಮಾರನೆಯ ದಿನ ಅಲ್ಲಿ ಕೆಂಪಗೆ ಊದಿಕೊಳ್ಳುವುದು ಈ ಕಾರಣದಿಂದಲೇ.

ಕೆರೆಯ ಏರಿಯ ದೃಷ್ಟಾಂತ

ಬಸವನಗುಡಿಗೆ ಸಮೀಪದಲ್ಲಿ, ಗವಿಪುರದ ಬಳಿ, ಕೆಂಪೇಗೌಡರ ಕಾಲದ ಕೆಂಪಾಂಬುಧಿ ಕೆರೆಯಿದೆ. ಅಂಥದೊಂದು ಕೆರೆಯ ಏರಿಯು ಒಂದು ರಾತ್ರಿ ಬಿರುಕು ಬಿಟ್ಟಿತೆಂದು ಭಾವಿಸಿರಿ. ಗ್ರಾಮದ ಮುಖ್ಯಸ್ಥರು ಏನು ಮಾಡುತ್ತಾರೆ? ಮೊದಲು ಮಣ್ಣಿನ ಚೀಲಗಳನ್ನು ಒಟ್ಟಿ ನೀರನ್ನು ತಡೆಯುತ್ತಾರೆ. ಆಮೇಲೆ ತಮಟೆ ಬಾರಿಸಿ ಜನರನ್ನು ಕೂಡಿಸುತ್ತಾರೆ. ಬಂದವರು ಕೊಳೆತ ಬೇರು, ಕೆಸರು, ಸಡಿಲವಾದ ಮಣ್ಣುಗಳನ್ನು ಎತ್ತಿಹಾಕುತ್ತಾರೆ. ಅನಂತರ ಹೊಸ ಮಣ್ಣು ತುಂಬುತ್ತಾರೆ. ಕಡೆಯಲ್ಲಿ ಅದನ್ನು ದಮ್ಮಸ್ಸು ಮಾಡಿ ಗಟ್ಟಿಗೊಳಿಸಿ ಹುಲ್ಲು ಹೊದಿಸುತ್ತಾರೆ. ಶರೀರವು ಗಾಯವನ್ನು ದುರಸ್ತಿ ಮಾಡುವುದೂ ಈ ನಾಲ್ಕು ಹಂತಗಳಲ್ಲಿಯೇ.

ಮೊದಲನೆಯ ಹಂತವು ರಕ್ತ ಕಟ್ಟುವುದು. ಗಾಯವಾದ ಕೂಡಲೇ ಅಲ್ಲಿಯ ರಕ್ತನಾಳವು ಮುದುಡಿಕೊಳ್ಳುತ್ತದೆ. ರಕ್ತದಲ್ಲಿರುವ ಕಿರುತಟ್ಟೆಗಳೆಂಬ ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿ ಬಿರಡೆಯಾಗುತ್ತವೆ. ಫೈಬ್ರಿನ್ ಎಂಬ ಸಾರದ ಎಳೆಗಳು ಅವುಗಳ ಮೇಲೆ ಬಲೆಯಂತೆ ಹೆಣೆದುಕೊಳ್ಳುತ್ತವೆ. ಇದು ಮಣ್ಣಿನ ಚೀಲದ ಕೆಲಸ.

ಎರಡನೆಯದು ಉರಿಯೂತ. ಪೆಟ್ಟು ತಿಂದ ಜಾಗದ ಕಣಗಳು ಹಿಸ್ಟಮೀನ್ ಮೊದಲಾದ ದ್ರವ್ಯಗಳನ್ನು ಹೊರಬಿಡುತ್ತವೆ. ಇದೇ ತಮಟೆಯ ಕರೆ. ಸುತ್ತಲಿನ ಸಣ್ಣ ರಕ್ತನಾಳಗಳು ಅಗಲವಾಗಿ ಹೆಚ್ಚು ರಕ್ತವು ಹರಿಯುವುದರಿಂದ ಆ ಜಾಗವು ಕೆಂಪಾಗಿ ಬಿಸಿಯಾಗುತ್ತದೆ. ನಾಳಗಳ ಗೋಡೆ ಸಡಿಲವಾಗಿ ರಸವು ಹೊರಗೆ ಜಿನುಗುವುದರಿಂದ ಊದುತ್ತದೆ. ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳು ನರಗಳನ್ನು ಸೂಕ್ಷ್ಮಗೊಳಿಸುವುದರಿಂದ ನೋವು ಹೆಚ್ಚುತ್ತದೆ. ನೋವಿರುವ ಅಂಗವನ್ನು ಪ್ರಾಣಿಯು ಅಲುಗಿಸುವುದಿಲ್ಲ. ಅಂದರೆ ನೋವು ಶರೀರವೇ ಕೊಟ್ಟ ರಜೆಯ ಆಜ್ಞೆ. ಕೆಲವು ಗಂಟೆಗಳೊಳಗೆ ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳು ನಾಳದ ಗೋಡೆಯಿಂದ ನುಸುಳಿ ಬಂದು ರೋಗಾಣುಗಳನ್ನು ನುಂಗುತ್ತವೆ. ಕೀವು ಎಂಬುದು ಬಹುಮಟ್ಟಿಗೆ ಇವುಗಳ ಹೆಣಗಳ ರಾಶಿ. ಎರಡು ಮೂರು ದಿನಗಳ ಹೊತ್ತಿಗೆ ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕ ಕಣಗಳು ಹೆಚ್ಚಾಗುತ್ತವೆ. ಇವು ಸತ್ತ ಮಾಂಸವನ್ನೂ ಸತ್ತ ಕಣಗಳನ್ನೂ ತಿಂದು ಸ್ವಚ್ಛಮಾಡುವುದಲ್ಲದೆ, ‘ಇನ್ನು ಕಟ್ಟುವವರು ಬರಲಿ’ ಎಂಬ ಸೂಚನೆಯನ್ನೂ ಕಳುಹಿಸುತ್ತವೆ. ಉರಿಯೂತವು ತಾನಾಗಿ ಆರುವುದಲ್ಲ; ಶರೀರವೇ ಅದನ್ನು ಕ್ರಮವಾಗಿ ಆರಿಸುತ್ತದೆ. ಗಾಯ ಕೆರಳಿಸುವ ಈ ಹಂತವೇ ಗಾಯ ಮಾಯಿಸುವ ಹಂತವನ್ನು ಕರೆತರುವುದೆಂಬುದನ್ನು ವಾಚಕರು ಗಮನಿಸತಕ್ಕದ್ದು.

ಮೂರನೆಯ ಹಂತವು ಹೊಸ ಮಾಂಸ ತುಂಬುವುದು. ಇದು ಮೂರು ನಾಲ್ಕು ದಿನಗಳಿಂದ ತೊಡಗಿ ಕೆಲವು ವಾರಗಳು ನಡೆಯುತ್ತದೆ. ಗಾಯದ ತಳದಲ್ಲಿ ತೇವವಾಗಿ ಹೊಳೆಯುವ, ಹರಳು ಹರಳಾದ ಕೆಂಪು ಮಾಂಸವನ್ನು ಎಲ್ಲರೂ ಕಂಡಿರಬಹುದು. ಅದರಲ್ಲಿ ಹೊಸ ರಕ್ತನಾಳಗಳು ಕುಡಿಯೊಡೆದಿರುತ್ತವೆ. ಕೊಲ್ಲಾಜೆನ್ ಎಂಬ ಗಟ್ಟಿ ನಾರನ್ನು ನೂಲುವ ಕಣಗಳು ಕೆಲಸಮಾಡುತ್ತಿರುತ್ತವೆ. ಗಾಯದ ಅಂಚುಗಳು ಒಳಕ್ಕೆ ಜಗ್ಗಿಕೊಳ್ಳುತ್ತವೆ. ಅಂಚಿನಿಂದ ಚರ್ಮವು ತೆಳ್ಳಗೆ ಹರಿದುಬಂದು ಮುಚ್ಚಿಕೊಳ್ಳುತ್ತದೆ. ಈ ಕೆಂಪು ಮಾಂಸವನ್ನು ಕೊಳೆಯೆಂದು ತಿಳಿದು ಉಜ್ಜಿ ತೆಗೆಯುವುದು ನಾಟಿಯಾದ ಪೈರನ್ನು ಕಳೆಯೆಂದು ಕಿತ್ತಂತೆ.

ನಾಲ್ಕನೆಯದು ಗಟ್ಟಿಯಾಗುವ ಹಂತ. ನಮ್ಮ ರೈತರು ಮೋಸಹೋಗುವುದು ಇಲ್ಲಿಯೇ. ಮೇಲೆ ಚರ್ಮ ಮುಚ್ಚಿದೊಡನೆ ಗಾಯ ಮಾಯಿತೆಂದು ಭಾವಿಸುತ್ತಾರೆ. ಚರ್ಮದ ಗಾಯಗಳನ್ನು ಪರೀಕ್ಷಿಸಿದವರ ಲೆಕ್ಕದಂತೆ, ಮೂರು ವಾರಗಳಾದಾಗ ಹೊಸ ಚರ್ಮಕ್ಕೆ ಮೊದಲಿನ ಬಲದ ಐದನೆಯ ಒಂದು ಪಾಲು ಮಾತ್ರ ಬಂದಿರುತ್ತದೆ. ಮೂರು ತಿಂಗಳ ಹೊತ್ತಿಗೆ ಹೆಚ್ಚೆಂದರೆ ನೂರಕ್ಕೆ ೮೦ರಷ್ಟು ಬರಬಹುದು. ಪೂರ್ಣ ಬಲವು ಮತ್ತೆ ಎಂದಿಗೂ ಬರುವುದಿಲ್ಲ. ಮಾಯ್ದ ಹೆಗಲಿನ ಮೇಲೆ ಅವಸರದಿಂದ ನೊಗವಿಟ್ಟರೆ ಅದೇ ಜಾಗ ಮತ್ತೆ ಒಡೆಯುವುದಕ್ಕೆ ಇದೇ ಕಾರಣ.

ಊತ ಇಳಿಸುವ ಔಷಧಗಳ ವಿಚಾರ

ಹಾಗಾದರೆ ಊತಕ್ಕೆ ಔಷಧವೇ ಬೇಡವೇ ಎಂದು ಕೇಳಬಹುದು. ಹಾಗಲ್ಲ. ಊತವು ಮಿತಿಮೀರಿದರೆ, ನೋವಿನಿಂದ ಎತ್ತು ಮೇವು ಬಿಟ್ಟರೆ, ಪಶುವೈದ್ಯರು ತಕ್ಕ ಔಷಧವನ್ನು ತಕ್ಕ ಪ್ರಮಾಣದಲ್ಲಿ ಕೊಡುತ್ತಾರೆ. ಅದು ದಯೆಯ ಕೆಲಸ. ತಪ್ಪಿರುವುದು ನೋವನ್ನು ಮರೆಸಿ ಅದೇ ಹೆಗಲಿಗೆ ನೊಗವಿಡುವುದರಲ್ಲಿ. ಔಷಧದಿಂದ ನೋವು ಅಡಗುತ್ತದೆ. ಉಜ್ಜುವ ನೊಗವು ಹಾಗೆಯೇ ಇರುತ್ತದೆ. ಸ್ಟೀರಾಯ್ಡ್ ಜಾತಿಯ ಔಷಧಗಳಂತೂ ಗಾಯ ಮಾಯುವುದನ್ನೇ ನಿಧಾನಿಸುತ್ತವೆ.

ಡೈಕ್ಲೋಫಿನಾಕ್ ವಿಷಯದಲ್ಲಿ ಇನ್ನೂ ಒಂದು ಮಾತುಂಟು. ಈ ಔಷಧವನ್ನು ಚುಚ್ಚಿದ ದನವು ಬೇಗನೆ ಸತ್ತರೆ ಅದರ ಮಾಂಸದಲ್ಲಿ ಔಷಧದ ಶೇಷವು ಉಳಿದಿರುತ್ತದೆ. ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ೧೯೯೦ರ ಬಳಿಕ ನಮ್ಮ ದೇಶದ ರಣಹದ್ದುಗಳ ಮುಖ್ಯ ಜಾತಿಗಳು ನೂರಕ್ಕೆ ೯೫ಕ್ಕಿಂತ ಹೆಚ್ಚು ನಾಶವಾದುದರ ಕಾರಣವು ಇದೆಂದು ೨೦೦೪ರಲ್ಲಿ ಗೊತ್ತಾಯಿತು. ದನಗಳಿಗೆ ಇದನ್ನು ಬಳಸುವುದನ್ನು ಭಾರತ ಸರ್ಕಾರವು ೨೦೦೬ರಲ್ಲಿ ನಿಷೇಧಿಸಿತು. ಮನುಷ್ಯರಿಗಾಗಿ ಮಾಡಿದ ದೊಡ್ಡ ಸೀಸೆಗಳನ್ನು ದನಗಳಿಗೆ ಉಪಯೋಗಿಸುತ್ತಿದ್ದುದರಿಂದ, ೨೦೧೫ರಲ್ಲಿ ಸೀಸೆಯ ಅಳತೆಯನ್ನು ೩ ಮಿಲಿಲೀಟರಿಗೆ ಇಳಿಸಲಾಯಿತು. ಕೀಟೊಪ್ರೊಫೆನ್, ಅಸಿಕ್ಲೋಫಿನಾಕ್ ಎಂಬ ಇನ್ನೆರಡು ಔಷಧಗಳೂ ೨೦೨೩ರಲ್ಲಿ ಪಶುಗಳಿಗೆ ನಿಷಿದ್ಧವಾದವು. ರಣಹದ್ದುಗಳಿಗೆ ಹಾನಿಮಾಡದ ಮೆಲಾಕ್ಸಿಕಾಮ್ ಎಂಬ ಔಷಧವು ವೈದ್ಯರಲ್ಲಿ ದೊರೆಯುತ್ತದೆ. ಮಾಗಡಿಗೆ ನೆರೆಯ ರಾಮನಗರದ ರಾಮದೇವರ ಬೆಟ್ಟದಲ್ಲಿ ೨೦೧೨ರಲ್ಲಿ ರಣಹದ್ದು ಧಾಮವನ್ನು ಘೋಷಿಸಲಾಗಿದೆ. ಪರಿಷೆಯ ರೈತರ ಜೇಬಿನಲ್ಲಿದ್ದ ನಾಲ್ಕು ಸೀಸೆಗಳು ಆ ಬೆಟ್ಟಕ್ಕೂ ಸಂಬಂಧಪಟ್ಟ ವಿಷಯವೆಂದು ಹೇಳಿದಾಗ ಅವರಿಗೆ ಆಶ್ಚರ್ಯವಾಯಿತು.

ಮಾಡತಕ್ಕ ಕೆಲಸಗಳು

(೧) ಹೆಗಲು ಊದಿದ ದಿನವೇ ಎತ್ತನ್ನು ಕೆಲಸದಿಂದ ಬಿಡಿಸಬೇಕು. ಇದಕ್ಕಿಂತ ದೊಡ್ಡ ಚಿಕಿತ್ಸೆಯಿಲ್ಲ.

(೨) ಚರ್ಮ ಒಡೆಯದ ಹೊಸ ಊತಕ್ಕೆ ಮೊದಲ ದಿನ ತಣ್ಣೀರಿನ ಬಟ್ಟೆ ಹಾಕಬೇಕು. ಎರಡು ಮೂರು ದಿನಗಳು ಕಳೆದ ಮೇಲೆ ಕೈ ತಾಳುವಷ್ಟು ಬಿಸಿನೀರಿನ ಶಾಖ ಕೊಡಬಹುದು.

(೩) ಚರ್ಮ ಒಡೆದಿದ್ದರೆ ಸುತ್ತಲಿನ ಕೂದಲನ್ನು ಕತ್ತರಿಸಿ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ೯ ಗ್ರಾಂ ಉಪ್ಪು ಬೆರೆಸಿ ತೊಳೆಯಬೇಕು. ನೊಣ ಕೂರದಂತೆ ಗಾಯದ ಸುತ್ತ ಬೇವಿನೆಣ್ಣೆ ಸವರಬಹುದು. ಹುಳು ಬಿದ್ದಿದ್ದರೆ ವೈದ್ಯರಿಗೆ ತೋರಿಸಬೇಕು.

(೪) ಸಗಣಿ, ಬೂದಿ, ಕೀಲೆಣ್ಣೆ, ಸೀಮೆಎಣ್ಣೆಗಳನ್ನು ಹಚ್ಚಬಾರದು; ಬರೆ ಹಾಕಬಾರದು. ಬರೆಯು ಒಂದು ಗಾಯದ ಪಕ್ಕದಲ್ಲಿ ಇನ್ನೊಂದು ಗಾಯ. ಸಗಣಿಯಲ್ಲಿಯೂ ಮಣ್ಣಿನಲ್ಲಿಯೂ ಧನುರ್ವಾಯುವಿನ ಬೀಜಾಣುಗಳು ಇರುತ್ತವೆ.

(೫) ಬಾವು ಮೆತ್ತಗಾಗಿ ಹಣ್ಣಾದ ಮೇಲೆ ಪಶುವೈದ್ಯರಿಂದಲೇ ಕೊಯ್ಯಿಸಬೇಕು. ಮುಳ್ಳು, ಸಿಬಿರು ಒಳಗುಳಿದಿದ್ದರೆ ತೆಗೆಸಬೇಕು. ಕಾರಣ ಉಳಿದಿರುವ ತನಕ ಉರಿಯೂತವು ಆರದೆ ತಿಂಗಳುಗಟ್ಟಲೆ ಎಳೆದು ಗಂಟಾಗುತ್ತದೆ.

(೬) ಹೊಸ ಮಾಂಸ ಕಟ್ಟುವುದಕ್ಕೆ ಪ್ರೋಟೀನು ಬೇಕು. ಕೆಲಸವಿಲ್ಲದ ಎತ್ತಿಗೆ ಒಣಹುಲ್ಲು ಸಾಕೆಂದು ಬಿಡಬಾರದು. ಹಸಿರು ಮೇವಿನೊಂದಿಗೆ ಹುರುಳಿಯನ್ನಾಗಲಿ ಕಡಲೆಕಾಯಿ ಹಿಂಡಿಯನ್ನಾಗಲಿ ಕೊಡಬೇಕು.

(೭) ನೊಗವನ್ನು ಪರೀಕ್ಷಿಸಬೇಕು. ಹೆಗಲಿಗೆ ತಾಗುವ ಭಾಗವು ಅಗಲವಾಗಿಯೂ ನುಣುಪಾಗಿಯೂ ಇರಬೇಕು. ಜೋಡಿ ಎತ್ತುಗಳು ಸಮಾನ ಎತ್ತರದವಾಗಿರಬೇಕು. ಗಾಡಿಯ ಹೊರೆಯು ಮುಂದಕ್ಕೆ ವಾಲಬಾರದು. ಮಳೆಯಲ್ಲಿ ನೆನೆದ ಹೆಗಲಿಗೆ ನೊಗ ಹೂಡಬಾರದು. ಹೊಸ ಹೋರಿಗಳನ್ನು ಕೆಲಸಕ್ಕೆ ಸ್ವಲ್ಪಸ್ವಲ್ಪವಾಗಿ ಪಳಗಿಸಬೇಕು.

ಗಾಯಗೊಂಡು ಕೆಲಸಕ್ಕೆ ಅನರ್ಹವಾದ ಪ್ರಾಣಿಯನ್ನು ದುಡಿಸುವುದು ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧವೂ ಆಗಿರುತ್ತದೆ. ಗ್ರಾಮದ ಮುಖ್ಯಸ್ಥರು ಈ ವಿಷಯದಲ್ಲಿ ಕಾನೂನಿನ ಭಯಕ್ಕಿಂತ ಬುದ್ಧಿಮಾತಿನಿಂದಲೇ ಹೆಚ್ಚು ಸಾಧಿಸಬಲ್ಲರು.

ಎಲ್ಲ ಊತವೂ ಒಂದೇ ಅಲ್ಲ

ಮೇಲೆ ಹೇಳಿದುದು ಪೆಟ್ಟಿನಿಂದಲೂ ಉಜ್ಜಿನಿಂದಲೂ ಆದ ಊತದ ವಿಷಯ. ಪೆಟ್ಟಿಲ್ಲದೆ ತೊಡೆ ಅಥವಾ ಭುಜವು ಹಠಾತ್ತಾಗಿ ಊದಿ, ಒತ್ತಿದರೆ ಚರಚರ ಶಬ್ದವಾಗಿ, ಜ್ವರ ಬಂದು ಕುಂಟಿದರೆ ಅದು ಚಪ್ಪೆರೋಗವಿರಬಹುದು. ಗಂಟಲು ಊದಿ ಉಸಿರಾಟದಲ್ಲಿ ಗೊರಗೊರ ಶಬ್ದವಾದರೆ ಗಳಲೆರೋಗವಿರಬಹುದು. ಇವುಗಳಲ್ಲಿ ಶರೀರದ ಕೆಲಸಗಾರರು ಸೋಲುತ್ತಿರುತ್ತಾರೆ. ಕಾಯುತ್ತ ಕೂರಬಾರದು, ಗಂಟೆಗಳೇ ಮುಖ್ಯ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು, ಇಲ್ಲವೇ ೧೯೬೨ ಸಂಖ್ಯೆಯ ದೂರವಾಣಿಗೆ ಕರೆಮಾಡಬೇಕು. ಈ ಎರಡು ರೋಗಗಳಿಗೂ ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸುವುದು ಉತ್ತಮ.

ಮನುಷ್ಯರ ಗಾಯವೂ ಇದೇ ಕ್ರಮದಲ್ಲಿ ಮಾಯುತ್ತದೆ. ಕುಡುಗೋಲಿನ ಗಾಯವನ್ನು ಶುದ್ಧವಾದ ನೀರು ಸೋಪಿನಿಂದ ತೊಳೆದು ಧನುರ್ವಾಯು ನಿರೋಧಕ ಚುಚ್ಚುಮದ್ದನ್ನು ಹಾಕಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರಲ್ಲಿ ಉರಿಯೂತವು ಹೊತ್ತಿಗೆ ಸರಿಯಾಗಿ ಆರದೆ ಗಾಯವು ಎರಡನೆಯ ಹಂತದಲ್ಲಿಯೇ ನಿಂತುಬಿಡುತ್ತದೆ. ಕಾಲಿನ ಸ್ಪರ್ಶವೂ ಮಂದವಾಗಿರುವುದರಿಂದ ನೋವೆಂಬ ಎಚ್ಚರಿಕೆಯೂ ಇರುವುದಿಲ್ಲ. ಅಂಥವರು ಬರಿಗಾಲಿನಲ್ಲಿ ಹೊಲಕ್ಕಿಳಿಯದೆ, ಪ್ರತಿ ಸಂಜೆ ಅಂಗಾಲನ್ನು ಪರೀಕ್ಷಿಸಿಕೊಳ್ಳುವುದು ಅವಶ್ಯಕ.

ಪರಿಷೆಯ ರೈತರು ಸೀಸೆಗಳನ್ನು ಎತ್ತಿಗೆ ಚುಚ್ಚಲಿಲ್ಲ. ರಾಗಿ ಹೊರೆಗೆ ಬಾಡಿಗೆಯ ಟ್ರಾಕ್ಟರು ತಂದರು. ಅದರ ಖರ್ಚಿಗೆ ಕಡಲೆಕಾಯಿ ಮಾರಿದ ಹಣದಲ್ಲಿ ಒಳ್ಳೆಯ ಪಾಲು ಹೋಯಿತು. ಸಂಕ್ರಾಂತಿಯಾದ ಮೇಲೆ ನಾನು ಆ ಕಡೆ ಸರ್ಕೀಟು ಹೋದಾಗ ಅವರ ಕೊಟ್ಟಿಗೆಗೆ ಹೋಗಿ ನೋಡಿದೆನು. ಬಾವು ಇಳಿದು, ಒಡೆದಿದ್ದ ಜಾಗದಲ್ಲಿ ಕೂದಲಿಲ್ಲದ ತೆಳು ಚರ್ಮವು ಹೊಳೆಯುತ್ತಿತ್ತು. ಗೋಡೆಗೆ ಹೊಸದಾಗಿ ಕೆತ್ತಿಸಿದ ಅಗಲವಾದ ನೊಗವನ್ನು ಒರಗಿಸಿದ್ದರು. “ನಾಳೆ ಹೂಡಲೇ?” ಎಂದು ಕೇಳಿದರು. ಯುಗಾದಿಯ ಹೊತ್ತಿಗೆ, ಅದೂ ಮೊದಲು ಅರ್ಧ ದಿನ ಮಾತ್ರ ಎಂದೆನು. ಅವರು ಸ್ವಲ್ಪ ಹೊತ್ತು ಎತ್ತಿನ ಹೆಗಲನ್ನು ನೋಡಿ, ನೊಗವನ್ನು ಅಟ್ಟದ ಮೇಲಕ್ಕೆ ಎತ್ತಿಟ್ಟರು.